ಬಳಸದ ಡೇಟಾಗೂ ಬಿಲ್: 'ಬಳಸಿದಷ್ಟು ಕೊಡಿ' ಅನ್ನುವವರ ಲೆಕ್ಕ ನೋಡೋಣ ಬನ್ನಿ

ರಾತ್ರಿ ಹನ್ನೆರಡಕ್ಕೆ ನಿಮ್ಮ ಫೋನಿನಲ್ಲಿ ಉಳಿದ ಡೇಟಾ ಏನಾಗುತ್ತದೆ? ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿದ್ದೀರಿ. ಇವತ್ತು ಬಳಸಿದ್ದು ಅರ್ಧ ಜಿಬಿ. ಉಳಿದ ಒಂದು ಜಿಬಿಗೆ ದುಡ್ಡು ಮೊದಲೇ ಕೊಟ್ಟಾಗಿದೆ. ಹನ್ನೆರಡು ದಾಟಿದ ಕೂಡಲೇ ಅದು ನಿಮ್ಮದಲ್ಲ. ನಾಳೆಗೆ ಬರುವುದಿಲ್ಲ, ವಾಪಸ್ ದುಡ್ಡೂ ಇಲ್ಲ. ಅದೇ ನಾಳೆ ಸಂಜೆ ಆರಕ್ಕೆ ಕೋಟಾ ಮುಗಿದುಹೋದರೆ, ಸ್ಪೀಡು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪಿನ ಒಂದು ಫೋಟೋ ತೆರೆಯಲೂ ಕಾಯುತ್ತಾ ಕೂರಬೇಕು, ಇಲ್ಲವೇ ಇನ್ನೊಂದು ಪುಟ್ಟ ಪ್ಯಾಕ್ ಹಾಕಿಸಬೇಕು.

ಇದನ್ನು ನಾವು ಎಷ್ಟು ಒಗ್ಗಿಸಿಕೊಂಡಿದ್ದೇವೆ ಅಂದರೆ ಇದೊಂದು ವಿಚಿತ್ರ ವ್ಯಾಪಾರ ಅಂತ ಅನ್ನಿಸುವುದೇ ಇಲ್ಲ. ಹಾಲಿನವನು ಬೆಳಿಗ್ಗೆ ಕೊಟ್ಟ ಲೀಟರಿನಲ್ಲಿ ನೀವು ಕುಡಿಯದೆ ಬಿಟ್ಟದ್ದನ್ನು ರಾತ್ರಿ ಬಂದು ತೆಗೆದುಕೊಂಡು ಹೋದರೆ ಸುಮ್ಮನಿರ್ತೀರಾ?

ಈ ಪ್ರಶ್ನೆ ಈಗ ಎತ್ತಲು ಕಾರಣ ಇದೆ. ಕೆಲವು ವರ್ಷಗಳಿಂದ ಟೆಲಿಕಾಂ ಕಂಪನಿಗಳ ಮುಖ್ಯಸ್ಥರು ಒಂದೇ ರಾಗ ಹಾಡುತ್ತಿದ್ದಾರೆ: ಭಾರತದಲ್ಲಿ ದರದ ರಚನೆಯೇ ಸರಿಯಿಲ್ಲ, ಹೆಚ್ಚು ಬಳಸುವವರು ಹೆಚ್ಚು ಕೊಡುವಂತಾಗಬೇಕು. ಬಳಸಿದಷ್ಟಕ್ಕೆ ಬಿಲ್. ಕೇಳಲು ಎಷ್ಟು ನ್ಯಾಯವಾಗಿದೆ ನೋಡಿ! ಕರೆಂಟ್ ಬಿಲ್ ಹಾಗೇ ಅಲ್ವಾ? ಕಡಿಮೆ ಉರಿಸಿದವರಿಗೆ ಕಡಿಮೆ, ಎಸಿ ಹಾಕಿಕೊಂಡವರಿಗೆ ಜಾಸ್ತಿ. ಇದರಲ್ಲಿ ತಪ್ಪೇನಿದೆ?

ತತ್ವದಲ್ಲಿ ತಪ್ಪಿಲ್ಲ. ಆದರೆ ನನ್ನ ತಕರಾರು ಬೇರೆ. ಬಳಸಿದಷ್ಟಕ್ಕೆ ಬಿಲ್ ಅನ್ನುವವರು ಇವತ್ತು ಬಳಸದೇ ಇದ್ದದ್ದಕ್ಕೂ ದುಡ್ಡು ತೆಗೆದುಕೊಳ್ಳುತ್ತಿದ್ದಾರೆ. ಜಾಸ್ತಿ ಬಳಸಿದರೆ ಜಾಸ್ತಿ ಕೊಡಿ ಅನ್ನುವ ಅರ್ಧ ವಾಕ್ಯ ಹೇಳುತ್ತಾರೆ. ಕಡಿಮೆ ಬಳಸಿದರೆ ಕಡಿಮೆ ಕೊಡಿ ಅನ್ನುವ ಉಳಿದರ್ಧವನ್ನು ನುಂಗಿಬಿಡುತ್ತಾರೆ.

ಮೀಟರ್ ಅಂದರೆ ಏನು?

ಮನೆಯ ಕರೆಂಟ್ ಮೀಟರ್ ನೆನಪು ಮಾಡಿಕೊಳ್ಳಿ. ಬೆಸ್ಕಾಂ ಬಿಲ್ಲಿನಲ್ಲಿ ಒಂದಿಷ್ಟು ನಿಗದಿತ ಶುಲ್ಕ ಇರುತ್ತದೆ, ಉಳಿದದ್ದು ಮೀಟರ್ ಓಡಿದಷ್ಟು. ವಾರಗಟ್ಟಲೆ ಊರಿಗೆ ಹೋಗಿ ಬಂದರೆ ಬಿಲ್ ಇಳಿಯುತ್ತದೆ. ದಿನಕ್ಕೆ ಐದು ಯೂನಿಟ್ ಮಾತ್ರ, ಉಳಿಸಿದರೆ ಹೋಯಿತು, ಮೀರಿದರೆ ಬಲ್ಬು ಮಂಕಾಗುತ್ತದೆ ಅಂತ ಯಾರೂ ಹೇಳಿಲ್ಲ. ಹಾಗೆ ಹೇಳಿದ್ದರೆ ಬೀದಿಗಿಳಿಯುತ್ತಿದ್ದೆವು.

ಟೆಲಿಕಾಂನಲ್ಲೂ ಒಂದು ಕಾಲಕ್ಕೆ ನಿಜವಾದ ಮೀಟರ್ ಬಂದಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಶುರು ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಇಲ್ಲದಿದ್ದರೆ ಅಣ್ಣನನ್ನೋ ಅಕ್ಕನನ್ನೋ ಕೇಳಿ. ಅದಕ್ಕೆ ಮುಂಚೆ ನಿಮಿಷದ ಲೆಕ್ಕ. ಹತ್ತು ಸೆಕೆಂಡ್ ಮಾತಾಡಿ 'ಬಂದೆ, ಗೇಟ್ ಹತ್ರ ಇದೀನಿ' ಅಂದರೂ ಪೂರ್ತಿ ನಿಮಿಷದ ದುಡ್ಡು. ಸೆಕೆಂಡಿನ ಲೆಕ್ಕ ಬಂದ ಮೇಲೆ ಜನ ಅದಕ್ಕೇ ಮುಗಿಬಿದ್ದರು, ಕೆಲವೇ ತಿಂಗಳಲ್ಲಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಅದು ಬಳಕೆ ಆಧರಿಸಿದ ಬಿಲ್ಲೇ, ಮತ್ತು ಅದು ಗ್ರಾಹಕರಿಗೆ ಸಿಕ್ಕ ಗೆಲುವು. ಅಳತೆಯ ಪಾವು ಚಿಕ್ಕದಾಯಿತು, ತುಂಬದ ಪಾವಿಗೆ ದುಡ್ಡು ಕೊಡುವುದು ತಪ್ಪಿತು.

ಇವತ್ತಿನ ಪಾವು ಯಾವುದು? ದಿನಕ್ಕೆ ಒಂದೂವರೆ ಜಿಬಿ, ವ್ಯಾಲಿಡಿಟಿ 28 ದಿನ. ಎರಡೂ ದೊಡ್ಡ ಪಾವುಗಳೇ. 28 ದಿನದ ಲೆಕ್ಕದಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಆಗುತ್ತದೆ (28ರಿಂದ 13ನ್ನು ಗುಣಿಸಿ ನೋಡಿ, 364). ಜನರ ದೂರು ಹೆಚ್ಚಾದ ಮೇಲೆ 2022ರಲ್ಲಿ ಟ್ರಾಯ್ ಪ್ರತಿ ಕಂಪನಿಯೂ ಕನಿಷ್ಠ ಒಂದಾದರೂ 30 ದಿನದ ಪ್ಯಾಕ್ ಕೊಡಲೇಬೇಕು ಅಂತ ಆದೇಶ ಮಾಡಿತು. ಕೊಟ್ಟರು, ಒಂದೊಂದು. ಅಂಗಡಿಯಲ್ಲಿ ಕೇಳಿದರೆ ಮೊದಲು ಬರುವುದು ಇವತ್ತಿಗೂ 28 ದಿನದ್ದೇ.

ಬೆಲೆಗೆ ಬರೋಣ

2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಆಗ ಜಿಯೋ ಪ್ರಕಟಿಸಿದ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಉಳಿದವರದ್ದೂ ಹೆಚ್ಚು ಬೇರೆಯಿಲ್ಲ, ಬೆಲೆಗಳು ಮುಂದೆ ಬದಲಾದರೂ ರಚನೆ ಇದೇ. 28 ದಿನಕ್ಕೆ ಒಟ್ಟು 2 ಜಿಬಿ ಕೊಡುವ ಪ್ಯಾಕ್ 155 ರೂ.ಯಿಂದ 189 ರೂ. ಆಯಿತು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ 239 ರೂ.ಯಿಂದ 299 ರೂ.

ಲೆಕ್ಕ ಹಾಕಿ. 189 ರೂ.ಗೆ 2 ಜಿಬಿ, ಅಂದರೆ ಜಿಬಿಗೆ 94 ರೂಪಾಯಿಗೂ ಮೇಲೆ. 299 ರೂ.ಗೆ 28 ದಿನದಲ್ಲಿ 42 ಜಿಬಿ, ಅಂದರೆ ಜಿಬಿಗೆ 7 ರೂಪಾಯಿ ಚಿಲ್ಲರೆ. ಎರಡರಲ್ಲೂ ಕರೆಗಳ ಬೆಲೆ ಸೇರಿದೆ, ಹಾಗಾಗಿ ಇದು ಪೂರ್ತಿ ನ್ಯಾಯದ ಹೋಲಿಕೆಯಲ್ಲ ಅಂತ ಒಪ್ಪುತ್ತೇನೆ. ಸರಿ, ಕರೆ ಎರಡರಲ್ಲೂ ಒಂದೇ ಅಂತ ಬಿಟ್ಟು ವ್ಯತ್ಯಾಸ ಮಾತ್ರ ನೋಡಿ: 110 ರೂ. ಹೆಚ್ಚು ಕೊಟ್ಟವರಿಗೆ 40 ಜಿಬಿ ಹೆಚ್ಚು ಸಿಗುತ್ತದೆ. ಜಿಬಿಗೆ 2 ರೂ. 75 ಪೈಸೆ. ಆ 110 ರೂ. ಕೈಯಲ್ಲಿಲ್ಲದೆ ಚಿಕ್ಕ ಪ್ಯಾಕ್ ಹಾಕಿಸಿಕೊಂಡವರು ಒಂದು ದಿನ ಡೇಟಾ ಮುಗಿದು ಒಂದೇ ಒಂದು ಜಿಬಿ ಕೊಳ್ಳಲು ಹೋದರೆ ಅದೇ ಪಟ್ಟಿಯಲ್ಲಿ ಅದರ ಬೆಲೆ 19 ರೂ. ಮೊದಲು ಆ ಒಂದು ಜಿಬಿ ಮೂಲ ಪ್ಯಾಕ್ ಇರುವ ತನಕ ಉಳಿಯುತ್ತಿತ್ತು. ಆಮೇಲೆ ಅದರ ವ್ಯಾಲಿಡಿಟಿಯನ್ನೂ ಒಂದು ದಿನಕ್ಕೆ ಇಳಿಸಿದರು.

ಇನ್ನೂ ಒಂದು ಮಜಾ ಇದೆ. ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಯಾಕ್ ಹಾಕಿಸಿ, ಕೈಯಲ್ಲಿ 5ಜಿ ಫೋನ್ ಇದ್ದು, ನಿಮ್ಮೂರಲ್ಲಿ 5ಜಿ ಟವರೂ ಇದ್ದರೆ 5ಜಿ ಡೇಟಾಗೆ ಮಿತಿಯೇ ಇಲ್ಲ. ಅಂದರೆ ದುಬಾರಿ ಫೋನಿನವರಿಗೆ, ಊರಿಗಿಂತ ನಗರದವರಿಗೆ ಮೀಟರೇ ಇಲ್ಲ. 4ಜಿ ಫೋನಿನವರಿಗೆ, ಹಳ್ಳಿಯವರಿಗೆ ಎಂಬಿ ಎಂಬಿಗೂ ಮೀಟರು. ಹೆಚ್ಚು ಬಳಸುವವರು ಹೆಚ್ಚು ಕೊಡಬೇಕು ಅನ್ನುವ ತತ್ವ ಇಲ್ಲಿ ಎಲ್ಲಿ ಹೋಯಿತು?

2025ರ ಆಗಸ್ಟಿನಲ್ಲಿ ಜಿಯೋ ಮತ್ತು ಏರ್‌ಟೆಲ್ ಎರಡೂ ದಿನಕ್ಕೆ 1 ಜಿಬಿ ಕೊಡುತ್ತಿದ್ದ 249 ರೂ. ಪ್ಯಾಕನ್ನು ತಮ್ಮ ಆನ್‌ಲೈನ್ ಪಟ್ಟಿಯಿಂದ ತೆಗೆದವು. ಇದಕ್ಕೆ ದರ ಏರಿಕೆ ಅನ್ನುವ ಹೆಸರಿಲ್ಲ. ಯಾವ ಪ್ಯಾಕಿನ ಬೆಲೆಯೂ ಏರಲಿಲ್ಲ, ಏಣಿಯ ಕೆಳಗಿನ ಮೆಟ್ಟಿಲು ಮಾತ್ರ ಮಾಯವಾಯಿತು.

ಆರು ಜಿಬಿಗೆ ಹತ್ತು ರೂಪಾಯಿ

ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗುಟ್ಟು ಬಿಟ್ಟುಕೊಟ್ಟ ಘಟನೆ ನಡೆದದ್ದು 2025ರ ಜನವರಿಯಲ್ಲಿ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗಲೇ ಇಲ್ಲ.

ಹಿನ್ನೆಲೆ ಇಷ್ಟು. ಈ ದೇಶದಲ್ಲಿ ಇನ್ನೂ ಕೋಟ್ಯಂತರ ಜನ ಬಟನ್ ಫೋನ್ ಇಟ್ಟುಕೊಂಡಿದ್ದಾರೆ. ಅವರಿಗೆ ಡೇಟಾ ಬೇಡ, ಮಾತಾಡಲು ಮತ್ತು ಬ್ಯಾಂಕಿನ ಓಟಿಪಿ ಬರಲು ಸಿಮ್ ಜೀವಂತ ಇದ್ದರೆ ಸಾಕು. ಆದರೆ ಪಟ್ಟಿಯಲ್ಲಿ ಹೆಚ್ಚೂಕಡಿಮೆ ಪ್ರತಿ ಪ್ಯಾಕಿನಲ್ಲೂ ಡೇಟಾ ಸೇರಿಸಿಬಿಟ್ಟಿದ್ದರು. ಬೇಡದ್ದಕ್ಕೂ ದುಡ್ಡು. ಕೊನೆಗೆ 2024ರ ಡಿಸೆಂಬರ್ 23ರಂದು ಟ್ರಾಯ್ ಗ್ರಾಹಕ ರಕ್ಷಣೆ ನಿಯಮಗಳಿಗೆ ತಿದ್ದುಪಡಿ ತಂದು, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕಡ್ಡಾಯ ಮಾಡಿತು. ಅಂಥ ಪ್ಯಾಕಿನ ಗರಿಷ್ಠ ವ್ಯಾಲಿಡಿಟಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು.

ಕಂಪನಿಗಳು ಏನು ಮಾಡಿದವು? ಏರ್‌ಟೆಲ್‌ನಲ್ಲಿ ಆಗ 84 ದಿನಕ್ಕೆ 6 ಜಿಬಿ ಡೇಟಾ ಮತ್ತು ಕರೆ ಸೇರಿ 509 ರೂ.ಯ ಪ್ಯಾಕ್ ಇತ್ತು. ಡೇಟಾ ಕಿತ್ತುಹಾಕಿ ಹೊಸ ಪ್ಯಾಕ್ ಮಾಡಿದರು. ಬೆಲೆ 499 ರೂ.

ಮತ್ತೊಮ್ಮೆ ಓದಿ. 6 ಜಿಬಿ ತೆಗೆದರು, 10 ರೂಪಾಯಿ ಇಳಿಸಿದರು.

ಆಗ ಗದ್ದಲವಾಯಿತು, ಟ್ರಾಯ್ ಈ ಹೊಸ ಪ್ಯಾಕ್‌ಗಳನ್ನು ಪರಿಶೀಲಿಸುತ್ತೇವೆ ಅಂದಿತು. ಕೆಲವೇ ದಿನಗಳಲ್ಲಿ 499 ಹೋಗಿ 469 ಆಯಿತು. ಜಿಯೋದ 84 ದಿನದ ಪ್ಯಾಕ್ 458ರಿಂದ 448ಕ್ಕೆ ಬಂತು. ಒಬ್ಬ ನಿಯಂತ್ರಕ ಬರೀ 'ನೋಡ್ತೀವಿ' ಅಂದದ್ದಕ್ಕೇ 30 ರೂಪಾಯಿ ಕರಗಿತು ಅಂದರೆ ಆ 30 ರೂಪಾಯಿ ಯಾವ ಖರ್ಚಿನ ಲೆಕ್ಕದಲ್ಲಿ ಇತ್ತು?

ಈಗ ಎರಡನ್ನೂ ಅಕ್ಕಪಕ್ಕ ಇಡಿ. ನೀವು ಡೇಟಾ ಬೇಡ ಅಂದಾಗ 6 ಜಿಬಿಯ ಬೆಲೆ 10 ರೂಪಾಯಿ. ನೀವು ಡೇಟಾ ಬೇಕು ಅಂತ ಸಂಜೆ ಹೊತ್ತು ಅಂಗಲಾಚಿದಾಗ ಒಂದೇ ಜಿಬಿಗೆ ಹತ್ತಿರಹತ್ತಿರ 20 ರೂಪಾಯಿ. ಹಳೇ ಪುಸ್ತಕ ಮಾರಲು ಹೋದಾಗ ತೂಕಕ್ಕೆ ಕೊಂಡು, ಅದನ್ನೇ ನಾವು ಕೊಳ್ಳಲು ಹೋದಾಗ ಪುಟಕ್ಕೆ ಬೆಲೆ ಹೇಳುವ ಅಂಗಡಿಯವನ ಹಾಗೆ. ಇದಕ್ಕೆ ಬಳಕೆಯ ಬಿಲ್ ಅನ್ನಲು ನನ್ನಿಂದಾಗದು. ಇದು ನಿಮ್ಮ ಅವಸರದ ಬಿಲ್.

ಜಿಬಿ ಅನ್ನುವುದು ಅಕ್ಕಿಯಲ್ಲ

ಇಲ್ಲಿ ಕಂಪನಿಗಳ ಪರ ಒಂದು ವಾದ ಬರುತ್ತದೆ: ನೆಟ್‌ವರ್ಕ್ ಪುಕ್ಕಟೆ ಬರುವುದಿಲ್ಲ, ಒಬ್ಬ ಜಾಸ್ತಿ ಬಳಸಿದರೆ ಇನ್ನೊಬ್ಬನಿಗೆ ಸ್ಪೀಡ್ ಸಿಗುವುದಿಲ್ಲ, ಆದ್ದರಿಂದ ಮಿತಿ ಬೇಕು. ಇದರಲ್ಲಿ ಅರ್ಧ ಸತ್ಯ ಇದೆ. ಹರಾಜಿನಲ್ಲಿ ಕೊಂಡ ತರಂಗಾಂತರ, ಟವರ್, ಅದಕ್ಕೆ ಕರೆಂಟು, ಡೀಸೆಲ್, ನೆಲದಡಿಯ ಕೇಬಲ್ಲು, ಎಲ್ಲಕ್ಕೂ ಕೋಟಿಗಟ್ಟಲೆ ಬೇಕು. ಆದರೆ ಇವು ಬಹುಪಾಲು ಒಮ್ಮೆ ಹಾಕುವ ದುಡ್ಡು. ಟವರ್ ಎದ್ದು ನಿಂತ ಮೇಲೆ ಅದರ ಮೂಲಕ ಇನ್ನೊಂದು ಜಿಬಿ ಹರಿಸಲು ಆಗುವ ಹೆಚ್ಚುವರಿ ಖರ್ಚು ಬಹಳ ಕಡಿಮೆ. ಕರೆಂಟಿಗೆ ಕಲ್ಲಿದ್ದಲು ಉರಿಯಬೇಕು, ಅಕ್ಕಿ ಬೆಳೆಯಬೇಕು. ಡೇಟಾ ಹಾಗಲ್ಲ. ನೀವು ನಿನ್ನೆ ಬಳಸದ ಜಿಬಿ ಯಾವ ಗೋಡೌನಿನಲ್ಲೂ ಇಲ್ಲ.

ಇಕ್ಕಟ್ಟು ನಿಜವಾಗಿ ಬರುವುದು ಎಲ್ಲರೂ ಒಟ್ಟಿಗೇ ಬಳಸುವ ಹೊತ್ತಿನಲ್ಲಿ. ರಾತ್ರಿ ಊಟದ ಹೊತ್ತಿಗೆ, ಐಪಿಎಲ್ ಕೊನೆಯ ಓವರಿಗೆ. ಬೆಳಗಿನ ಜಾವ ಮೂರಕ್ಕೆ ಟವರ್ ಹೆಚ್ಚುಕಡಿಮೆ ಖಾಲಿ. ದಿನದ ಕೋಟಾ ಈ ಸಮಸ್ಯೆಗೆ ಮದ್ದೇ ಅಲ್ಲ, ಯಾಕೆಂದರೆ ಅದಕ್ಕೆ ಮೂರು ಗಂಟೆಯ ಜಿಬಿಯೂ ಒಂದೇ, ಒಂಬತ್ತು ಗಂಟೆಯ ಜಿಬಿಯೂ ಒಂದೇ. ವಿ ಕಂಪನಿ ತನ್ನ ಕೆಲವು ಪ್ಯಾಕ್‌ಗಳಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ತನಕ ಡೇಟಾಗೆ ಮಿತಿ ತೆಗೆದು, ವಾರದ ದಿನಗಳಲ್ಲಿ ಉಳಿದದ್ದನ್ನು ಶನಿವಾರ ಭಾನುವಾರ ಬಳಸಲು ಬಿಟ್ಟದ್ದು ಈ ಲೆಕ್ಕ ಗೊತ್ತಿದ್ದೇ. ಪೋಸ್ಟ್‌ಪೇಯ್ಡ್ ಗಿರಾಕಿಗಳಿಗೆ ಏರ್‌ಟೆಲ್ 2017ರಲ್ಲೇ ಉಳಿದ ಡೇಟಾವನ್ನು ಮುಂದಿನ ತಿಂಗಳಿಗೆ ಒಯ್ಯಲು ಅವಕಾಶ ಕೊಟ್ಟಿತ್ತು. ಅಂದರೆ ತಾಂತ್ರಿಕವಾಗಿ ಆಗದ ಕೆಲಸ ಅಲ್ಲ. ತಿಂಗಳ ಕೊನೆಗೆ ಬಿಲ್ ಕಟ್ಟುವವರಿಗೆ ಸಲ್ಲುವ ಮರ್ಯಾದೆ ಮೊದಲೇ ದುಡ್ಡು ಕೊಡುವವರಿಗೆ ಸಲ್ಲುವುದಿಲ್ಲ ಅಷ್ಟೇ. ಪ್ರಿಪೇಯ್ಡ್ ಅಂದರೆ ಈ ದೇಶದ ಬಹುತೇಕ ಎಲ್ಲರೂ ಅನ್ನೋದು ಮರೆಯಬೇಡಿ.

ಇದೇ ಜಗಳ 2011ರಲ್ಲಿ ಕೆನಡಾದಲ್ಲಿ ಬ್ರಾಡ್‌ಬ್ಯಾಂಡ್ ವಿಚಾರದಲ್ಲಿ ನಡೆದಿತ್ತು. ಅಲ್ಲಿ ಬೆಲ್ ಎಂಬ ದೈತ್ಯ ಕಂಪನಿಯ ಕೇಬಲ್ ಬಾಡಿಗೆಗೆ ಪಡೆದು ಸಣ್ಣ ಕಂಪನಿಗಳು ಅಗ್ಗಕ್ಕೆ ಇಂಟರ್‌ನೆಟ್ ಕೊಡುತ್ತಿದ್ದವು. ಆ ಸಣ್ಣವರಿಗೂ ಜಿಬಿ ಲೆಕ್ಕದಲ್ಲಿ ಬಿಲ್ ಮಾಡಲು ಬೆಲ್‌ಗೆ ಅಲ್ಲಿನ ನಿಯಂತ್ರಕ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಟೆಕ್‌ಸ್ಯಾವಿ ಎಂಬ ಸಣ್ಣ ಕಂಪನಿ ಒಂಟಾರಿಯೊದ ತನ್ನ ಗಿರಾಕಿಗಳಿಗೆ 200 ಜಿಬಿ ಇದ್ದ ತಿಂಗಳ ಮಿತಿ 25 ಜಿಬಿಗೆ ಇಳಿಯುತ್ತದೆ ಅಂತ ಪತ್ರ ಬರೆಯಿತು. ಹತ್ತಿರಹತ್ತಿರ ಐದು ಲಕ್ಷ ಜನ ಅರ್ಜಿಗೆ ಸಹಿ ಹಾಕಿದರು, ಸರ್ಕಾರ ಮಧ್ಯೆ ಬಂತು, ಅದೇ ವರ್ಷ ನವೆಂಬರಿನಲ್ಲಿ ನಿಯಂತ್ರಕರು ಹೊಸ ತೀರ್ಪು ಕೊಟ್ಟರು. ಸಗಟು ದರವನ್ನು ಹರಿದ ಜಿಬಿಗಳ ಮೇಲೆ ಹಾಕುವ ಬದಲು ಪೈಪಿನ ಗಾತ್ರದ ಮೇಲೆ, ಅಂದರೆ ಎಷ್ಟು ಸಾಮರ್ಥ್ಯ ಬಾಡಿಗೆಗೆ ಪಡೆದಿದ್ದೀರಿ ಅನ್ನುವುದರ ಮೇಲೆ ಹಾಕುವ ಪದ್ಧತಿ ಬಂತು. ಖರ್ಚು ಎಲ್ಲಿ ಹುಟ್ಟುತ್ತದೋ ಅಲ್ಲೇ ಅಳತೆ.

35 ರೂಪಾಯಿಯ ಜಿಬಿ

ಕಂಪನಿಗಳಿಗೆ ಬಳಕೆಯ ಬಿಲ್ ಅಂದರೆ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬೇಕಾಗಿಲ್ಲ, ಅವರೇ ಬರೆದು ಕೊಟ್ಟಿದ್ದಾರೆ. 2019ರ ಡಿಸೆಂಬರಿನಲ್ಲಿ ಟ್ರಾಯ್ ಡೇಟಾಗೆ ಕನಿಷ್ಠ ದರ ನಿಗದಿ ಮಾಡಬೇಕೇ ಅಂತ ಅಭಿಪ್ರಾಯ ಕೇಳಿತು. ವೊಡಾಫೋನ್ ಐಡಿಯಾ ಜಿಬಿಗೆ ಕನಿಷ್ಠ 35 ರೂ. ಕೇಳಿತು. ಏರ್‌ಟೆಲ್ 30 ಅಂದಿತು. ಜಿಯೋ 15ರಿಂದ ಶುರು ಮಾಡಿ 20ಕ್ಕೆ ಒಯ್ಯೋಣ ಅಂದಿತು. ಗಮನಿಸಿ, ಇದು ಗರಿಷ್ಠ ದರವಲ್ಲ, ಇದಕ್ಕಿಂತ ಕಡಿಮೆಗೆ ಯಾರೂ ಮಾರಕೂಡದು ಅನ್ನುವ ನೆಲದ ದರ. 2020ರ ಆಗಸ್ಟಿನಲ್ಲಿ ಏರ್‌ಟೆಲ್ ಅಧ್ಯಕ್ಷ ಸುನಿಲ್ ಮಿತ್ತಲ್ ಇನ್ನೂ ಬಿಡಿಸಿ ಹೇಳಿದರು: 160 ರೂಪಾಯಿಗೆ 16 ಜಿಬಿ ಕೊಡುವುದು ನಡೆಯದ ಮಾತು, ಆ ದುಡ್ಡಿಗೆ 1.6 ಜಿಬಿ ಬಳಸಿ, ಇಲ್ಲವೇ ಬಹಳ ಜಾಸ್ತಿ ಕೊಡಲು ತಯಾರಾಗಿ.

ಟ್ರಾಯ್ ಆ ನೆಲದ ದರವನ್ನು ತರಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆವು. ಮೊನ್ನೆ ಊರಿಗೆ ಹೋದಾಗ ಅಮ್ಮನ ಫೋನಿನಲ್ಲಿ ಡೇಟಾ ಬಳಕೆ ತೆರೆದು ನೋಡಿದೆ. ದಿನಕ್ಕೆ ಸರಾಸರಿ 300 ಎಂಬಿ. ವಾಟ್ಸಾಪು, ಒಂದೆರಡು ಅಡುಗೆ ವಿಡಿಯೋ, ಆಗೊಮ್ಮೆ ಈಗೊಮ್ಮೆ ನನ್ನ ಜೊತೆ ವಿಡಿಯೋ ಕಾಲ್. 28 ದಿನಕ್ಕೆ ಸುಮಾರು 8.4 ಜಿಬಿ. ಅವರ ಪ್ಯಾಕಿನಲ್ಲಿ ಬರುವುದು 42 ಜಿಬಿ, ಕೊಡುವುದು 299 ರೂ. ಭಾಗಿಸಿ ನೋಡಿದರೆ ಅವರು ಬಳಸಿದ ಪ್ರತಿ ಜಿಬಿಗೆ ಬೀಳುವುದು ಮೂವತ್ತೈದೂವರೆ ರೂಪಾಯಿ. ಕರೆಯ ಪಾಲು ಕಳೆದರೆ ಸ್ವಲ್ಪ ಇಳಿದೀತು. ಆದರೂ ನಿಯಂತ್ರಕರು ಜಾರಿ ಮಾಡದೆ ಬಿಟ್ಟ ದರದ ಆಸುಪಾಸಿನಲ್ಲೇ ಕಡಿಮೆ ಬಳಸುವವರು ಈಗಾಗಲೇ ಇದ್ದಾರೆ. ಜಗತ್ತಿನಲ್ಲೇ ಅತಿ ಅಗ್ಗದ ಡೇಟಾ ಅನ್ನುವ ನಮ್ಮ ಹೆಮ್ಮೆಯ ಲೆಕ್ಕ ಪೂರ್ತಿ ಬಳಸಿ ಮುಗಿಸುವವರದ್ದು.

ಆ ಹೆಮ್ಮೆಯನ್ನು ನಾನು ತಳ್ಳಿಹಾಕುತ್ತಿಲ್ಲ. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂ. ಬೀಳುತ್ತಿತ್ತು ಅಂತ ಟ್ರಾಯ್ ಲೆಕ್ಕವೇ ಹೇಳುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅದು ಕುಸಿಯಿತು, ನಮ್ಮ ತಲೆಮಾರಿನ ರಾಜಕೀಯ ಜ್ಞಾನ, ಹಾಡು, ಜಗಳ, ಪರೀಕ್ಷೆಯ ತಯಾರಿ ಎಲ್ಲವೂ ಆ ಕುಸಿತದ ಮಕ್ಕಳೇ. ಆದರೆ ಅವತ್ತು ಬೆಲೆ ಇಳಿದದ್ದು ಪೈಪೋಟಿಯಿಂದ. ಒಂದು ಕಾಲಕ್ಕೆ ಕರ್ನಾಟಕದ ಸರ್ಕಲ್‌ನಲ್ಲಿ ಎಷ್ಟು ಬಣ್ಣದ ಸಿಮ್ ಸಿಗುತ್ತಿದ್ದವು! ಈಗ ದೇಶದ ಮೊಬೈಲ್ ಗಿರಾಕಿಗಳಲ್ಲಿ ಶೇ. 70ಕ್ಕೂ ಹೆಚ್ಚು ಜನ ಎರಡೇ ಕಂಪನಿಗಳ ಬಳಿ ಇದ್ದಾರೆ. 2024ರ ಜುಲೈ ಏರಿಕೆಯಾದ ತಿಂಗಳು ಮೂರೂ ಖಾಸಗಿ ಕಂಪನಿಗಳು ಗಿರಾಕಿಗಳನ್ನು ಕಳೆದುಕೊಂಡವು, ಬಿಎಸ್‌ಎನ್‌ಎಲ್‌ಗೆ 29 ಲಕ್ಷ ಜನ ಹೊಸದಾಗಿ ಬಂದರು. ಆದರೆ 4ಜಿ ಇಲ್ಲದ ಕಡೆ ಎಷ್ಟು ದಿನ ನಿಂತಾರು? ಜಿಯೋಗೆ ಒಬ್ಬ ಗಿರಾಕಿಯಿಂದ ತಿಂಗಳಿಗೆ ಬರುವ ಸರಾಸರಿ ಆದಾಯ ಏರಿಕೆಗೆ ಮುಂಚೆ 181.7 ರೂ. ಇದ್ದದ್ದು 2025ರ ಮಾರ್ಚ್ ಹೊತ್ತಿಗೆ 206.2 ರೂ. ಆಯಿತು. ಏರ್‌ಟೆಲ್‌ಗೆ 211ರಿಂದ 245. ಗಿರಾಕಿ ಹೋದರೂ ನಷ್ಟವಾಗಲಿಲ್ಲ.

ಯಾರ ಜೇಬಿನಿಂದ?

ಇಂಟರ್‌ನೆಟ್ ಬೇಡದಿದ್ದರೆ ಬಿಡಿ ಅನ್ನುವ ಕಾಲ ಹೋಯಿತು, ಸರ್ಕಾರವೇ ಅದನ್ನು ಕಡ್ಡಾಯ ಮಾಡಿದೆ. ನರೇಗಾ ಕೆಲಸದ ಜಾಗದಲ್ಲಿ ಆ್ಯಪಿನಲ್ಲೇ ಹಾಜರಾತಿ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೋ ಏರಿಸಬೇಕು ಅನ್ನುವ ನಿಯಮ 2023ರ ಜನವರಿಯಿಂದ ಎಲ್ಲ ಕಡೆ ಬಂತು. ಕಾಯಕ ಬಂಧುವಿನ ಸ್ವಂತ ಫೋನು, ಸ್ವಂತ ಡೇಟಾ. ಫೋಟೋ ಏರದಿದ್ದರೆ ಕೂಲಿಗೇ ಕತ್ತರಿ ಬೀಳುವ ಭಯ. ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಗಂಟೆ ಮ್ಯಾಪ್ ತೆರೆದುಕೊಂಡೇ ಓಡಾಡುವ ಡೆಲಿವರಿ ಹುಡುಗರಿಗೆ ಡೇಟಾ ಅಂದರೆ ಪೆಟ್ರೋಲ್ ಇದ್ದ ಹಾಗೆ. ಸಂಜೆಯ ಆರ್ಡರುಗಳು ಬರುವ ಹೊತ್ತಿಗೇ ಕೋಟಾ ಮುಗಿದರೆ 19 ರೂಪಾಯಿ ಹಾಕಲೇಬೇಕು. ತಿಂಗಳಲ್ಲಿ ಹತ್ತು ದಿನ ಹಾಗಾದರೆ 190. ದೊಡ್ಡ ಪ್ಯಾಕೇ ಹಾಕಿಸಬಾರದಾ ಅಂತ ಕೇಳುವುದು ಸುಲಭ. ತಿಂಗಳ ದುಡ್ಡು ಒಟ್ಟಿಗೆ ಕೈಗೆ ಬಾರದವರು ಶಾಂಪೂವನ್ನೂ ಸ್ಯಾಶೆಯಲ್ಲೇ ಕೊಳ್ಳುತ್ತಾರೆ, ಒಟ್ಟು ಲೆಕ್ಕದಲ್ಲಿ ಬಾಟಲಿಗಿಂತ ಜಾಸ್ತಿಯಾದರೂ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ಮಾಡಿದ್ದು ದೊಡ್ಡ ಹೆಜ್ಜೆ, ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ಬರುತ್ತದೆ. ರೀಚಾರ್ಜ್ ಮಾತ್ರ ಇವತ್ತಿಗೂ ಅವರ ಜೇಬಿನದ್ದೇ.

ಮನೆಯ ಮಟ್ಟದಲ್ಲಿ ನೋಡಿ. ಮೂರು ಫೋನಿರುವ ಮನೆ, ಮೂರಕ್ಕೂ 299ರ ಪ್ಯಾಕ್, 28 ದಿನಕ್ಕೆ 897 ರೂ. ಗೃಹಲಕ್ಷ್ಮಿಯ 2000 ರೂಪಾಯಿಯಲ್ಲಿ ಹತ್ತಿರಹತ್ತಿರ ಅರ್ಧ. ಹಾಗಂತ ಮೂರರಲ್ಲಿ ಎರಡನ್ನು ಬಿಟ್ಟರೆ? ಸಾಮಾನ್ಯವಾಗಿ ಮೊದಲು ಖಾಲಿಯಾಗುವುದು ಮನೆಯ ಹೆಂಗಸರ ಫೋನಿನ ರೀಚಾರ್ಜ್. ಇದಕ್ಕೆ ಸಮೀಕ್ಷೆ ಬೇಕಾಗಿಲ್ಲ, ನಿಮ್ಮ ಸಂಬಂಧಿಕರ ಮನೆಗಳನ್ನೇ ನೆನಪಿಸಿಕೊಳ್ಳಿ.

ಬೇರೆ ದೇಶ ಏನಾದರೂ ಮಾಡಿದೆಯಾ? ಮಾಡಿದೆ. ದಕ್ಷಿಣ ಆಫ್ರಿಕಾದಲ್ಲೂ ಬಹುಪಾಲು ಜನ ಪ್ರಿಪೇಯ್ಡ್, ಅಲ್ಲೂ ಎರಡು ಕಂಪನಿಗಳ ದರ್ಬಾರು, ವೊಡಾಕಾಮ್ ಮತ್ತು ಎಂಟಿಎನ್. 2016ರಲ್ಲಿ 'ಡೇಟಾ ಬೆಲೆ ಇಳಿಯಲೇಬೇಕು' ಅಂತ ಅಲ್ಲಿನ ಯುವಕರು ಟ್ವಿಟರಿನಲ್ಲಿ ಹ್ಯಾಶ್‌ಟ್ಯಾಗ್ ಹಿಡಿದು ಎದ್ದರು. ಅದು ಹ್ಯಾಶ್‌ಟ್ಯಾಗಿನಲ್ಲೇ ಮುಗಿಯಲಿಲ್ಲ. 2019ರಲ್ಲಿ ಅಲ್ಲಿನ ಸಂವಹನ ನಿಯಂತ್ರಕರ ನಿಯಮ ಬಂತು: ಉಳಿದ ಡೇಟಾವನ್ನು ಮುಂದಕ್ಕೆ ಒಯ್ಯಲು, ಬೇರೆಯವರಿಗೆ ವರ್ಗಾಯಿಸಲು ಅವಕಾಶ ಕೊಡಬೇಕು, ಪ್ಯಾಕ್ ಮುಗಿದ ಮೇಲೆ ಗಿರಾಕಿಯ ಒಪ್ಪಿಗೆಯಿಲ್ಲದೆ ದುಬಾರಿ ದರದಲ್ಲಿ ದುಡ್ಡು ಕತ್ತರಿಸಕೂಡದು. ಅದೇ ವರ್ಷ ಡಿಸೆಂಬರಿನಲ್ಲಿ ಸ್ಪರ್ಧಾ ಆಯೋಗ ಎರಡು ವರ್ಷದ ವಿಚಾರಣೆ ಮುಗಿಸಿ ವರದಿ ಕೊಟ್ಟಿತು. ಚಿಕ್ಕ ಪ್ಯಾಕ್ ಕೊಳ್ಳುವವರಿಗೆ ಪ್ರತಿ ಎಂಬಿಗೆ ದೊಡ್ಡ ಪ್ಯಾಕಿನವರಿಗಿಂತ ಎಷ್ಟೋ ಪಟ್ಟು ಹೆಚ್ಚು ಬೀಳುತ್ತಿದೆ, ಇದು ಬಡವರ ವಿರುದ್ಧದ ದರ ಅಂತ ನೇರವಾಗಿ ಬರೆಯಿತು. ಒಂದು ಜಿಬಿಯ ತಿಂಗಳ ಪ್ಯಾಕ್ 149 ರ‍್ಯಾಂಡ್ ಇದ್ದದ್ದು 2020ರ ಏಪ್ರಿಲಿನಲ್ಲಿ 99ಕ್ಕೆ ಇಳಿಯಿತು. ಅಲ್ಲಿ ಈಗಲೂ ಡೇಟಾ ನಮಗಿಂತ ದುಬಾರಿಯೇ, ಆದರೆ ನಮ್ಮ ಪಟ್ಟಿಯಲ್ಲಿರುವ 94 ರೂಪಾಯಿ ಮತ್ತು 7 ರೂಪಾಯಿಯ ಅಂತರಕ್ಕೆ ಅವರು ಹೆಸರಿಟ್ಟು ವಿಚಾರಣೆ ಮಾಡಿದರು.

ನಮ್ಮಲ್ಲಿ ಟ್ರಾಯ್ ಹೇಳುವ ಮಾತು ಒಂದೇ, ದರ ನಿರ್ಧಾರ ಕಂಪನಿಗಳಿಗೆ ಬಿಟ್ಟದ್ದು. ಹೊಸ ದರ ಜಾರಿಗೆ ಬಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಕು. ಹತ್ತು ಕಂಪನಿ ಇದ್ದಾಗ ಇದು ಜಾಣತನವೇ ಆಗಿತ್ತು. ಎರಡೂವರೆ ಕಂಪನಿ ಇರುವಾಗ ಅಲ್ಲ. ವಿ ಸಾಲದಲ್ಲಿ ಮುಳುಗಿದೆ, 2019ರ ಸುಪ್ರೀಂ ಕೋರ್ಟ್ ತೀರ್ಪಿನ ಬಾಕಿ ಹೊರೆ ದೊಡ್ಡದು, ಕಂಪನಿಗಳು ಬದುಕದಿದ್ದರೆ ನೆಟ್‌ವರ್ಕೂ ಇರುವುದಿಲ್ಲ, ಎಲ್ಲ ಒಪ್ಪೋಣ. ಬೇಕಾದರೆ ಬೆಲೆ ಏರಿಸಲಿ, ಜಿಬಿಗೆ ಇಂತಿಷ್ಟು ಅಂತ ಬೋರ್ಡು ಹಾಕಿ ಏರಿಸಲಿ. ಆಗ ಅಮ್ಮನಂಥವರ ಬಿಲ್ ಇಳಿಯಬೇಕು. ಅದು ಇಳಿಯದೆ, ಜಾಸ್ತಿ ಬಳಸುವವರದ್ದು ಮಾತ್ರ ಏರುವುದಾದರೆ ಅದಕ್ಕೆ ಮೀಟರ್ ಅನ್ನುವ ಹೆಸರು ಯಾಕೆ?

ಟ್ರಾಯ್‌ಗೆ ಬರೆಯುವುದರಿಂದ ಏನೂ ಆಗುವುದಿಲ್ಲ ಅನ್ನುವವರಿಗೆ 2015 ನೆನಪಿಸಬೇಕು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು, 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರವನ್ನು ನಿಷೇಧಿಸಿತು, ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು. ಆಗ ಪ್ರಶ್ನೆ ಸರಳವಾಗಿತ್ತು, ಈಗಿನದ್ದು ಲೆಕ್ಕದ ಪ್ರಶ್ನೆ, ಸ್ವಲ್ಪ ಬೋರು. ಉಳಿದ ಡೇಟಾ ಮುಂದಕ್ಕೆ ಹೋಗಲಿ, ಚಿಕ್ಕ ಪ್ಯಾಕಿನ ಜಿಬಿಗೂ ದೊಡ್ಡ ಪ್ಯಾಕಿನ ಜಿಬಿಗೂ ಇಷ್ಟಕ್ಕಿಂತ ಹೆಚ್ಚು ಅಂತರ ಬೇಡ ಅಂತ ಕೇಳಬಹುದು, ಕೇಳಬೇಕು. ಅದಕ್ಕೂ ಮುಂಚೆ ಒಂದು ಸಣ್ಣ ಬೇಡಿಕೆ ಇಡೋಣ. ಟ್ರಾಯ್ ಮೂರು ತಿಂಗಳಿಗೊಮ್ಮೆ ಹೊರತರುವ ವರದಿಯಲ್ಲಿ ದೇಶ ಎಷ್ಟು ಡೇಟಾ ಬಳಸಿತು ಅನ್ನುವ ಅಂಕಿ ಇದೆ, ಗಿರಾಕಿಗೆ ಸರಾಸರಿ ಎಷ್ಟು ಅನ್ನುವುದೂ ಇದೆ. ಎಷ್ಟು ಜಿಬಿ ಮಾರಾಟವಾಗಿ, ದುಡ್ಡು ಪಡೆದು, ರಾತ್ರಿ ಹನ್ನೆರಡಕ್ಕೆ ರದ್ದಾಯಿತು ಅನ್ನುವ ಕಾಲಂ ಇಲ್ಲ. ಆ ಲೆಕ್ಕ ಪ್ರತಿ ಕಂಪನಿಯ ಕಂಪ್ಯೂಟರಿನಲ್ಲೂ ಇದೆ, ಶೇ. 50 ಮುಗಿಯಿತು, ಶೇ. 90 ಮುಗಿಯಿತು ಅಂತ ನಮಗೆ ಮೆಸೇಜು ಕಳಿಸುವುದು ಅದೇ ಕಂಪ್ಯೂಟರು. ಮುಂದಿನ ವರದಿಯಲ್ಲಿ ಆ ಒಂದು ಕಾಲಂ ಸೇರಿಸಲಿ.